ಕೂಸಿನ ಕಾಗದ

ಕಳೆದ ತಿಂಗಳು ಬ್ಯಾಂಕಿನಲ್ಲಿ ನನ್ನ ಮರ್ಯಾದೆ ಹೋಯಿತು. ದೊಡ್ಡ ಸಂಗತಿಯೇನಲ್ಲ, ಕೇಳಿದರೆ ನೀವು ನಗುತ್ತೀರಿ. ಪಿಂಚಣಿ ತಿನ್ನುವ ನಮ್ಮಂಥವರು ವರ್ಷಕ್ಕೊಮ್ಮೆ ಹೋಗಿ, ನಾವಿನ್ನೂ ಸತ್ತಿಲ್ಲ ಎಂದು ತೋರಿಸಿ ಬರಬೇಕು. ಈಗ ಅದಕ್ಕೊಂದು ಪುಟ್ಟ ಯಂತ್ರ ಬಂದಿದೆ. ಬೆರಳಿಟ್ಟರೆ ನೀವು ನೀವೇ ಹೌದೋ ಅಲ್ಲವೋ ಎಂದು ಅದು ಹೇಳುತ್ತದೆ. ನನ್ನ ಹತ್ತೂ ಬೆರಳು ಇಟ್ಟಾಯಿತು, ಒರೆಸಿ ಇಟ್ಟಾಯಿತು, ಎಣ್ಣೆ ಹಚ್ಚಿ ಇಟ್ಟಾಯಿತು. ಯಂತ್ರ ಒಪ್ಪಲಿಲ್ಲ.

"ಬೆರಳು ಸವದಾವ ನೋಡ್ರಿ ಅಜ್ಜಾರ," ಅಂದಳು ಕೌಂಟರಿನ ಹುಡುಗಿ.

"ಪೆನ್ನು ಹಿಡಿದು ಸವದಾವವ್ವ," ಅಂದೆ ನಾನು, ಹಿಂದೆ ನಿಂತವರಿಗೂ ಕೇಳಲಿ ಎಂದು.

ಅವಳಿಗೆ ಅದು ಕೇಳಿಸಲಿಲ್ಲವೋ ಏನೋ. ಡ್ರಾಯರಿನ ತಳದಿಂದ ತಗಡಿನ ಒಂದು ಮಸಿ ಡಬ್ಬಿ ತೆಗೆದು ಮುಂದಿಟ್ಟು, "ಇದರಾಗ ಹೆಬ್ಬಟ್ಟು ಅದ್ದಿ ಇಲ್ಲಿ ಒತ್ತಿಬಿಡ್ರಿ," ಅಂದಳು. ಸಹಿ ನಡೆಯುವುದಿಲ್ಲವೇ ಎಂದು ಕೇಳಿದೆ. "ಸಹೀನೂ ಮಾಡ್ರಿ, ಹೆಬ್ಬಟ್ಟೂ ಒತ್ರಿ. ಎರಡೂ ಬೇಕಂತ."

ಡಬ್ಬಿಯ ಮುಚ್ಚಳ ತೆರೆದಾಗ ಆ ವಾಸನೆ ಬಂತು. ನೀಲಿ ಮಸಿ, ಒದ್ದೆ ಅರಿವೆ, ಹಳೆಯ ತಗಡು ಮೂರೂ ಕೂಡಿದ ವಾಸನೆ. ನನ್ನ ನೌಕರಿಯ ಮೊದಲ ಹದಿನೈದು ವರ್ಷ ನಾನು ಆ ವಾಸನೆಯಲ್ಲೇ ಉಸಿರಾಡಿದ್ದೇನೆ. ಆದರೆ ಆ ಡಬ್ಬಿಯಲ್ಲಿ ಅದ್ದಿದ್ದು ಯಾವಾಗಲೂ ಬೇರೆಯವರ ಬೆರಳು. ನನ್ನದನ್ನು ಒತ್ತಿದ್ದು ಅಂದೇ ಮೊದಲು.

ಅದಕ್ಕೇಕೆ ಇಷ್ಟು ಮರುಗಬೇಕು ಎಂದು ನೀವು ಕೇಳಬಹುದು. ನಮ್ಮಪ್ಪನನ್ನು ನೀವು ನೋಡಿಲ್ಲ, ಅದಕ್ಕೆ ಕೇಳುತ್ತೀರಿ. ಸುರಪುರದ ಕಡೆಯ ಒಂದು ಸಣ್ಣ ಊರಿನಲ್ಲಿ ಇನ್ನೊಬ್ಬರ ಹೊಲದಲ್ಲಿ ಗಳೆ ಹೊಡೆದವನು ಅವನು. ಕಾಗದ ಅಂದರೆ ಸಾಕು, ಅವನ ಮೋರೆ ಬಾಡುತ್ತಿತ್ತು. ಯಾರಾದರೂ ಬಂದು "ಇಲ್ಲಿ ಒತ್ತು" ಅಂದರೆ ಒತ್ತುತ್ತಿದ್ದ. ಏನು ಒತ್ತಿದೆ ಎಂದು ಅವನಿಗೆ ಗೊತ್ತಿರುತ್ತಿರಲಿಲ್ಲ. ಮನೆಗೆ ಬಂದು ಆ ಬೆರಳನ್ನು ಬೂದಿ ಹಚ್ಚಿ ಉಜ್ಜುತ್ತಿದ್ದ. ಮೂರನೆಯ ಇಯತ್ತೆಯಲ್ಲಿದ್ದ ನಾನು ಅದನ್ನು ನೋಡಿ, ನಮ್ಮ ಮನೆಯಲ್ಲಿ ಇವನದೇ ಕೊನೆಯ ಹೆಬ್ಬಟ್ಟು ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡಿದ್ದೆ. ಆಮೇಲೆ ಸುರಪುರದ ಹಾಸ್ಟೆಲಿನ ನೀರುಸಾರು ಕುಡಿದು, ಯಾದಗಿರಿಯಲ್ಲಿ ಒಂದೇ ಪ್ಯಾಂಟಿನಲ್ಲಿ ಕಾಲೇಜು ಮುಗಿಸಿ, ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲಕ್ಕೆ ಬಿ.ಎ. ಆದೆ. ನಮ್ಮ ವಂಶದಲ್ಲಿ ಮೊದಲ ಬಿ.ಎ. ಬರೀ ವಂಶವೇನು, ನಮ್ಮ ಓಣಿಗೇ ಮೊದಲ ಬಿ.ಎ.

ಅದನ್ನು ನಾನು ಮುಚ್ಚಿಟ್ಟುಕೊಳ್ಳಲಿಲ್ಲ. ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ಬೇರೆಯವರು ದೇವರ ಫೋಟೋ ಹಾಕುವ ಗೋಡೆಗೆ ತೂಗುಹಾಕಿದೆ. ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಬಿ.ಎ. ಹಾಕಿಸಿದೆ. ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ಮೇಲೂ ಕೆಂಪು ಬಣ್ಣದಲ್ಲಿ ಬರೆಸಿದ್ದೆ. ನನ್ನ ಹೆಂಡತಿ ಮಹಾದೇವಿ ಮದುವೆಯಾಗಿ ಬಂದ ವಾರದಲ್ಲೇ ಅದನ್ನು ನೋಡಿ, "ಸೈಕಲ್ಲೂ ಪಾಸಾಗ್ಯಾದೇನ್ರಿ?" ಎಂದು ಕೇಳಿದ್ದಳು.

ಶಹಾಪುರದಲ್ಲಿ ನೌಕರಿ ಸಿಕ್ಕಿತು. ಕೃಷ್ಣೆಯ ಕಾಲುವೆ ಬರುತ್ತಿದ್ದ ಕಾಲ ಅದು. ಜೀಪುಗಳು, ಗುದ್ದಲಿಯವರು, ಬಿಳಿ ಟೋಪಿಯ ಎಂಜಿನಿಯರುಗಳು, ಸುಣ್ಣದ ಗೆರೆಗಳು. ಯಾವ ಊರಿಗೆ ಹೋದರೂ ಇದೇ ಮಾತು: ನೀರು ಬರುತ್ತದಂತೆ, ಜೋಳ ಬೆಳೆಯುವ ಕರಿ ಎರೆಯಲ್ಲಿ ಭತ್ತ ಬೆಳೆಯುತ್ತದಂತೆ. ಕಾಲುವೆಗೆ ಜಮೀನು ಬಿಡಿಸಿಕೊಳ್ಳುವ ಕಚೇರಿಯಲ್ಲಿ ನಾನು ಗುಮಾಸ್ತ. ಊರ ಚಾವಡಿಯಲ್ಲಿ ಕುಳಿತು, ಹೊಲ ಹೋಗುವ ರೈತರಿಗೆ ಕಾಗದ ಓದಿ ಹೇಳಿ, ಹೆಬ್ಬಟ್ಟು ಹಾಕಿಸಿಕೊಳ್ಳುವುದು ನನ್ನ ಕೆಲಸ. ನನ್ನ ದನಿ ಚೆನ್ನಾಗಿತ್ತು. "ಸದರಿ ಜಮೀನಿನ ಮೇಲೆ ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಸಂಬಂಧವೂ ಇರುವುದಿಲ್ಲ, ಪ್ರವೇಶಿಸುವುದಾಗಲಿ ತಂಟೆ ತಕರಾರಾಗಲಿ ಮಾಡತಕ್ಕದ್ದಲ್ಲ" ಎಂದು ಉಸಿರು ಕಡಿಯದೆ ಓದಿದರೆ, ಚಾವಡಿಯ ಹೊರಗೆ ನಿಂತ ಹೆಂಗಸರೂ ಸುಮ್ಮನಾಗುತ್ತಿದ್ದರು. ಅವರು ನನ್ನ ಓದಿಗೆ ತಲೆದೂಗುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ದೋರನಹಳ್ಳಿಯಲ್ಲೂ ಒಂದು ದಿನ ಹೀಗೆ ಓದಿದೆ. ಅಂದು ಹೊಲ ಬಿಟ್ಟವರಲ್ಲಿ ನನ್ನ ಸಡ್ಡಕ ಹಣಮಂತನೂ ಒಬ್ಬ. ಅವನ ಹೆಂಡತಿ ನಿಂಗಮ್ಮ ಮಹಾದೇವಿಗೆ ಚಿಕ್ಕಮ್ಮನ ಮಗಳು, ತಂಗಿಯಾಗಬೇಕು. ಅವಳು ಹೊರಗಿನ ಹೆಂಗಸರ ನಡುವೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕೆಲಸ ಮುಗಿದ ಮೇಲೆ ಅವರ ಮನೆಯಲ್ಲೇ ಉಂಡೆ. ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ. ಅವಳು ಹೊಲದ ಮಾತೇ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಮದುವೆಯಾಗಿ ಒಂಬತ್ತು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಕಲಬುರಗಿಯ ಡಾಕ್ಟರು ಇಬ್ಬರನ್ನೂ ನೋಡಿ, ದೋಷವಿಲ್ಲ, ಕಾಯಿರಿ ಅಂದರು. ಕಾದೆವು. ಕೊಡೇಕಲ್ಲಿನ ದೇವರಿಗೆ ಐದು ಅಮಾವಾಸ್ಯೆ ನಡೆದುಕೊಂಡೆವು, ಬಿ.ಎ. ಓದಿದವನು ಇದನ್ನೆಲ್ಲ ನಂಬುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ, ಒಂದು ಅಮಾವಾಸ್ಯೆಯನ್ನೂ ತಪ್ಪಿಸದೆ. ಕಾಲುವೆಗೆ ಮೊದಲ ನೀರು ಬಿಟ್ಟ ದಿನ ಸುತ್ತಲ ಹಳ್ಳಿಯ ಹೆಂಗಸರೆಲ್ಲ ದಂಡೆಗೆ ಬಂದು ಅರಿಶಿನ, ಕುಂಕುಮ, ಕುಬಸದ ಖಣ, ಕೊಬ್ಬರಿ ಬಟ್ಟಲು ನೀರಿಗೆ ಬಿಟ್ಟು ಗಂಗವ್ವನಿಗೆ ಉಡಿ ತುಂಬಿದರು. ಮಹಾದೇವಿಯೂ ತುಂಬಿದಳು. ಎಲ್ಲರೂ ಎದ್ದುಹೋದ ಮೇಲೂ ಅವಳು ಅಲ್ಲೇ ಕುಳಿತಿದ್ದಳು. ಏನು ಬೇಡಿಕೊಂಡೆ ಎಂದು ಕೇಳುವುದು ಬೇಕಿರಲಿಲ್ಲ.

ಮಕ್ಕಳಿಲ್ಲದ ಹೆಂಗಸನ್ನು ನಮ್ಮ ಕಡೆ ಯಾರೂ ಬೈಯುವುದಿಲ್ಲ, ಅದನ್ನು ಹೇಳಲೇಬೇಕು. ಬೈದರೆ ತಿರುಗಿ ಬೈಯಬಹುದಿತ್ತು. ಬೈಯುವ ಬದಲು, ಆರತಿ ತಟ್ಟೆ ಅವಳ ಹತ್ತಿರ ಬಂದಾಗ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಪಕ್ಕದವಳ ಕೈಗೆ ಹೋಗುತ್ತದೆ. ಆ ಒಂದು ಗಳಿಗೆಯನ್ನು ಮಹಾದೇವಿ ಹತ್ತಾರು ಮನೆಗಳಲ್ಲಿ ನುಂಗಿದ್ದಳು. ನಿಂಗಮ್ಮನ ಮೂರನೆಯ ಮಗಳನ್ನು ತೊಟ್ಟಿಲಿಗೆ ಹಾಕುವಾಗಲೂ ಹಾಗೇ ಆಯಿತು. ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು ದಾಟಿಸಬೇಕು, ಕೆಳಗಿಂದ ಒಬ್ಬರು ತೆಗೆದುಕೊಳ್ಳಬೇಕು. ಕೆಳಗೆ ಕೈ ಒಡ್ಡಿ ಮಹಾದೇವಿ ಕುಳಿತಿದ್ದಳು. ಮೇಲಿದ್ದ ಮುದುಕಿ ಕೂಸನ್ನು ಹಿಡಿದುಕೊಂಡೇ ನಿಂತಳು.

ಬಾಣಂತಿ ನಿಂಗಮ್ಮ ಕೌದಿಯಿಂದ ಎದ್ದು ಬಂದು, "ಯಾಕ ನಿಂತಿ ಅಮ್ಮಾ? ಕೈಯಾಗ ಜೋಮು ಹಿಡದದೇನು?" ಅಂದವಳೇ ಕೂಸನ್ನು ಕಿತ್ತುಕೊಂಡು ಮಹಾದೇವಿಯ ಕೈಯಲ್ಲಿಟ್ಟಳು. ಇಟ್ಟು, ಎಲ್ಲರಿಗೂ ಕೇಳುವಂತೆ, "ಮುಂದಿನದು ಹೆಣ್ಣಾಗಲಿ ಗಂಡಾಗಲಿ, ನಮ್ಮ ಅಕ್ಕಂದು. ನಾ ಹಡದುಕೊಡಾಕಿ, ಅಕಿ ಸಾಕಾಕಿ," ಅಂದಳು.

ಬಾಣಂತಿ ಏನೋ ಅಂದಳೆಂದು ಹೆಂಗಸರು ನಕ್ಕು ಬಿಟ್ಟರು. ಆದರೆ ಎರಡು ವರ್ಷದ ಮೇಲೆ ನಾಲ್ಕನೆಯದು ಹುಟ್ಟಿದಾಗ ಹಣಮಂತನೇ ಸೈಕಲ್ಲು ತುಳಿದುಕೊಂಡು ನಮ್ಮ ಕಚೇರಿಗೆ ಬಂದ. "ಹೆಣ್ಣು ಹುಟ್ಯಾದ ಅಣ್ಣಾ. ನಿಮ್ಮ ಮಗಳು ಹುಟ್ಯಾಳ ಅಂತ ಹೇಳಿ ಬಾ ಅಂದಾಳ." ನಾನು ಕೈಯಲ್ಲಿದ್ದ ಕಾಗದಗಳನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಬೀಗ ಹಾಕದೆ ಬಂದಿದ್ದಕ್ಕೆ ಮರುದಿನ ಸಾಹೇಬರಿಂದ ಬೈಸಿಕೊಂಡೆ.

ಕೂಸಿಗೆ ಎಂಟು ತಿಂಗಳು ತುಂಬಿ, ಹಾಲು ಬಿಡಿಸಿದ ಮೇಲೆ, ದೋರನಹಳ್ಳಿಯ ಅವರ ಮನೆಯ ಪಡಸಾಲೆಯಲ್ಲಿ ಐದು ಮುತ್ತೈದೆಯರನ್ನು ಕೂಡಿಸಿ ನಿಂಗಮ್ಮ ಕೂಸನ್ನು ಮಹಾದೇವಿಯ ಉಡಿಯಲ್ಲಿ ಹಾಕಿದಳು. ನಮ್ಮ ಕಡೆ ಕೂಸು ಕೊಡುವುದೆಂದರೆ ಇದೇ. ಅಕ್ಕಿ, ಅರಿಶಿನ, ಉತ್ತತ್ತಿಯ ಜೊತೆ ಕೂಸು. ಅಲ್ಲಿಗೆ ಮುಗಿಯಿತು, ಯಾರೂ ಕಾಗದ ಕೇಳುವುದಿಲ್ಲ. "ನನ್ನ ಹೊಟ್ಟಿದು, ನಿನ್ನ ಉಡಿದು," ಅಂದಳು ನಿಂಗಮ್ಮ. ಅತ್ತಳು, ನಕ್ಕಳು. ಮೂಗು ಒರೆಸಿಕೊಳ್ಳುತ್ತ, "ರಾಗಿ ಗಂಜಿಗೆ ಬೆಲ್ಲ ಹಾಕಬ್ಯಾಡ ಅಕ್ಕ, ಸಣ್ಣಾಕಿಗೆ ಹೊಟ್ಟಿ ಜಾಡಿಸತದ," ಎಂದು ಹೇಳಿ ಕಳಿಸಿದಳು.

ಆ ಒಂಬತ್ತು ದಿನಗಳನ್ನು ಹೇಗೆ ಹೇಳಲಿ? ನಮ್ಮದು ಒಂದೇ ಖೋಲಿಯ ಬಾಡಿಗೆ ಮನೆ. ನೆಲದ ತುಂಬ ಅವಳೇ. ಅಂಬೆಗಾಲಿಡುತ್ತ ಬಂದು ನನ್ನ ಜೇಬಿನ ಪೆನ್ನು ಕಿತ್ತುಕೊಳ್ಳುತ್ತಿದ್ದಳು. ಕಿತ್ತುಕೊಂಡು ಬಾಯಿಗಿಟ್ಟುಕೊಳ್ಳುತ್ತಿದ್ದಳು. ನಾನು ವಿದ್ಯಾ ಎಂದು ಹೆಸರಿಟ್ಟೆ. ಮಹಾದೇವಿ ಗಂಗವ್ವ ಎಂದು ಕರೆದಳು. ಕೂಸು ಎರಡಕ್ಕೂ ತಿರುಗಿ ನೋಡಲಿಲ್ಲ. ಹೊರಗೆ ಆಡು ಕೂಗಿದರೆ ಮಾತ್ರ ನೋಡುತ್ತಿತ್ತು. ಸಂಜೆಯಾದರೆ ಬಾಗಿಲ ಕಡೆ ಮೋರೆ ಮಾಡಿ ಅಳುತ್ತಿತ್ತು. ಮಹಾದೇವಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು, ಹಾಡು ಬಾರದವಳು, ಲೆಕ್ಕದ ಮಗ್ಗಿಯನ್ನೇ ರಾಗ ಮಾಡಿ ಹೇಳುತ್ತಿದ್ದಳು. ಎರಡೊಂದ್ಲೆ ಎರಡು. ಏಳನೆಯ ದಿನ ಕೂಸು ಸಂಜೆಗೆ ಅಳಲಿಲ್ಲ. "ನೋಡ್ರಿ, ಅಳಲಿಲ್ಲ ನೋಡ್ರಿ," ಎಂದು ಮಹಾದೇವಿ ಪಿಸುಗುಟ್ಟಿದಳು. ಜೋರಾಗಿ ಹೇಳಿದರೆ ಅತ್ತೀತು ಎಂಬ ಹೆದರಿಕೆ. ನಾವಿಬ್ಬರೂ ಅವಳ ಎರಡು ಬದಿಗೆ ಅಲುಗಾಡದೆ ಕುಳಿತಿದ್ದೆವು. ಅಷ್ಟು ಸುಖದಲ್ಲಿ ನಾನು ಮತ್ತೆ ಯಾವತ್ತೂ ಕುಳಿತಿಲ್ಲ.

ಸುಖ ಸಿಕ್ಕವನಿಗೆ ಹೆದರಿಕೆಯೂ ಸಿಗುತ್ತದೆ. ನಮ್ಮ ಕಚೇರಿಯಲ್ಲಿ ಯಾರೋ ಒಂದು ಕಥೆ ಹೇಳಿದ್ದರು. ಒಬ್ಬ ಮಾಸ್ತರು ತಮ್ಮನ ಮಗನನ್ನು ಉಡಿಯಲ್ಲಿ ಹಾಕಿಸಿಕೊಂಡು ಸಾಕಿದನಂತೆ. ಹುಡುಗನಿಗೆ ಹನ್ನೆರಡು ತುಂಬಿದಾಗ ಹೆತ್ತವರು ಬಂದು ಕರೆದುಕೊಂಡು ಹೋದರಂತೆ. ಆ ಕಥೆ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ನಾನು ಕಾಗದದ ಮನುಷ್ಯ. ಕಾಗದವಿಲ್ಲದೆ ಬಂದದ್ದು ಕಾಗದವಿಲ್ಲದೆ ಹೋಗುತ್ತದೆ ಎಂದು ತಿಳಿದವನು. ದತ್ತಕದ ಕಾಗದ ಮಾಡಿಸಿ ನೋಂದಣಿ ಮಾಡಿಸೋಣ ಎಂದೆ. ಹಣಮಂತ, "ಉಡಿಯಾಗ ಹಾಕಿದ ಮ್ಯಾಗ ಇನ್ನೇನದ ಅಣ್ಣಾ?" ಅಂದ. ಆದರೂ ಓದಿದವನು ಹೇಳುತ್ತಾನೆಂದು ಒಪ್ಪಿದ.

ನೋಂದಣಿ ಕಚೇರಿಯ ಮುಂದೆ ಹುಣಸೆ ಗಿಡದ ಕೆಳಗೆ ಖಾದರಸಾಬ ಎಂಬ ಮುನಶಿ ಕೂಡುತ್ತಿದ್ದ. ಗಡ್ಡ ಬೆಳ್ಳಗಾದ ಮನುಷ್ಯ. ತಾಲೂಕಿನ ಅರ್ಧ ಕಾಗದಗಳು ಅವನ ಕೈಯಲ್ಲೇ ಹುಟ್ಟಿದ್ದು. ಅವನೊಂದು ಕರಡು ಬರೆದು ಕೊಟ್ಟ. ಅದರಲ್ಲಿ ಕೊನೆಗೆ, "ಹೆತ್ತವರು ಮಗುವನ್ನು ನೋಡಲು ಬಂದು ಹೋಗಲಿಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ" ಎಂದು ಒಂದು ಸಾಲಿತ್ತು.

"ಈ ಸಾಲು ಬ್ಯಾಡ," ಅಂದೆ.

"ಬ್ಯಾಡಂದ್ರ ತಗೀರಿ. ಕಾಯ್ದೆ ಏನು ಹಾಕಂತೂ ಅನ್ನಂಗಿಲ್ಲ, ತಗೀಂತೂ ಅನ್ನಂಗಿಲ್ಲ. ನಾ ಹಾಕ್ತೀನಿ, ಅಷ್ಟ."

"ತಗದು ಬ್ಯಾರೆ ಬರಿತೀನಿ. ಪಕ್ಕಾ ಇರಬೇಕು. ನಾನೇ ಬರಿತೀನಿ ಬಿಡ್ರಿ ಚಾಚಾ, ದಿನಾ ಬರಿಯೋದು ಇದನ್ನ."

ಖಾದರಸಾಬ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ನೀವು ಬರಿಯೋದು ಹೊಲದ ಕಾಗದ ಸಾಹೇಬ್ರ. ಹೊಲ ಎಲ್ಲಿ ಬಿಟ್ರ ಅಲ್ಲೇ ಬಿದ್ದಿರತದ. ಇದು ಕೂಸು. ನಾಳಿಗೆ ಅದಕ್ಕ ಕಾಲು ಬರ್ತಾವ."

ಮುದುಕನಿಗೆ ತನ್ನ ಧಂದೆ ಹೋಗುತ್ತದೆಂದು ಹೊಟ್ಟೆಕಿಚ್ಚು ಎಂದುಕೊಂಡೆ. ಆ ದಿನ ಕಚೇರಿಯ ಮೇಜಿನ ಮೇಲೆಯೇ ನನ್ನ ಗುಂಡು ಅಕ್ಷರಗಳಲ್ಲಿ ಬರೆದೆ. ಅಷ್ಟು ವರ್ಷಗಳಲ್ಲಿ ಸಾವಿರ ಸಲ ಬರೆದ ಮಾತುಗಳು, ಯೋಚಿಸುವುದೇ ಬೇಕಾಗಲಿಲ್ಲ. ಜಮೀನು ಎಂದಿದ್ದಲ್ಲಿ ಮಗು ಎಂದು ಹಾಕಿದೆ. ಪ್ರವೇಶಿಸುವುದು ಎಂದಿದ್ದಲ್ಲಿ ನೋಡಲು ಬರುವುದು ಎಂದು ಹಾಕಿದೆ. ಓದಿ ನೋಡಿದೆ. ಒಂದು ಕಡೆಯೂ ನೀರು ಸೋರದ ಕಾಗದ. ಹೆಮ್ಮೆಯಾಯಿತು.

ಮರುದಿನ ಮುಂಜಾನೆ ಹುಣಸೆ ಗಿಡದ ಕೆಳಗೆ ಎಲ್ಲರೂ ಸೇರಿದೆವು. ಮಹಾದೇವಿಯ ಮಡಿಲಲ್ಲಿ ಕೂಸು. ಒಂಬತ್ತು ದಿನದ ಮೇಲೆ ಮಗಳನ್ನು ಕಂಡ ನಿಂಗಮ್ಮ ಹತ್ತಿರ ಬರಲಿಲ್ಲ. ದೂರದಿಂದಲೇ, "ಮೈ ಹಿಡದಾಳ ಅಕ್ಕ, ಗಲ್ಲ ತುಂಬ್ಯಾವ," ಅಂದಳು. ಹಣಮಂತ ಒಳಗೆ ಹೋಗುವ ಸರದಿ ಕೇಳಲು ಹೋದ. ಖಾದರಸಾಬ ಮಸಿ ಡಬ್ಬಿ ತೆರೆದು ನಿಂಗಮ್ಮನ ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿದ.

"ಒತ್ತೂಕಿಂತ ಮೊದಲ ಓದಿ ಹೇಳಬೇಕು," ಅಂದ ಅವನು. "ಕೊಡ್ರಿ, ನಾ ಹೇಳ್ತೀನಿ."

"ನಾನೇ ಓದ್ತೀನಿ," ಅಂದೆ.

ಎದ್ದು ನಿಂತೆ. ಚಾವಡಿಯ ದನಿಯಲ್ಲಿ ಓದಿದೆ. "ಸದರಿ ಮಗುವಿನ ಮೇಲೆ ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಸಂಬಂಧವೂ ಇರುವುದಿಲ್ಲ, ನೋಡಲು ಬರುವುದಾಗಲಿ ತಂಟೆ ತಕರಾರಾಗಲಿ ಮಾಡತಕ್ಕದ್ದಲ್ಲ..."

"ಮಾವ," ಅಂದಳು ನಿಂಗಮ್ಮ. "ಇದು ಅವತ್ತು ಚಾವಡಿಯಾಗ ಓದಿದ್ದಲ್ಲೇನು?"

"ಅದು ಹೊಲದ್ದು ತಂಗಿ. ಇದು ಬ್ಯಾರೆ."

"ಮಾತು ಅವೇ ಅದಾವ." ಅವಳು ಮಸಿ ಹತ್ತಿದ ಬೆರಳನ್ನು ಬೇರೆಯವರದೆಂಬಂತೆ ದೂರ ಹಿಡಿದುಕೊಂಡಿದ್ದಳು. "ಆ ಹೊಲದ ಬದುವಿಗಿ ಒಂದು ಬೇವಿನ ಗಿಡ ಇತ್ತು. ನನ್ನ ಮೂರೂ ಹುಡುಗೇರನ್ನ ಅದಕ್ಕ ಜೋಳಿಗಿ ಕಟ್ಟಿ ಮಲಗಿಸಿ ನಾ ಕಳೆ ತಗದೀನಿ. ನೀವು ಓದಿ ಹೋದ ಮ್ಯಾಗ ಒಮ್ಮಿ ಹೋದೆ ಮಾವ. ಗಿಡ ಕಡದಿದ್ದಿಲ್ಲ ಇನ್ನಾ. ಬುಡಕ್ಕ ಚಣ ಕೂಡೋಣ ಅಂತ ಹೋದೆ. ಅಲ್ಲಿ ಕಾಯಾಂವ, 'ಇಲ್ಲಿ ಬರಂಗಿಲ್ಲವ್ವ, ನಿಂದಲ್ಲ ಇದು' ಅಂದ. ಅವ ಏನು ಕೆಟ್ಟಾಂವಲ್ಲ. ಕಾಗದದಾಗ ಬರದಾರಲ್ಲ, ಅದನ್ನ ಹೇಳಿದ." ಅವಳು ನನ್ನನ್ನು ನೋಡಿದಳು. "ಸಣ್ಣಾಕಿನ್ನ ನೋಡಾಕ ಬಂದ್ರ ನೀವೂ ಹಂಗ ಅಂತೀರೇನು?"

ಈಗ ನೀವೇ ಹೇಳಿ, ಏನು ಕಷ್ಟವಿತ್ತು ನನಗೆ? ಕೈಯಲ್ಲಿ ಪೆನ್ನಿತ್ತು. ಒಂದು ಗೆರೆ ಎಳೆದಿದ್ದರೆ ಆಗುತ್ತಿತ್ತು. ಆದರೆ ಮಾಸ್ತರನ ಕಥೆ ನನ್ನ ಕಿವಿಯಲ್ಲಿತ್ತು. ಇವಳು ಬರುತ್ತಾಳೆ, ಬಂದು ಕೂಡುತ್ತಾಳೆ, ಕೂಸು ಇವಳ ಮೋರೆ ನೋಡಿ ನಮ್ಮನ್ನು ಮರೆಯುತ್ತದೆ ಎಂಬ ಅಂಜಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಮುಂದೆ ನಾನು ಬರೆದ ಕಾಗದ ತಪ್ಪು ಎಂದು ಒಪ್ಪಿಕೊಳ್ಳುವುದಕ್ಕೆ ನನ್ನ ಬಿ.ಎ. ಬಿಡಲಿಲ್ಲ.

"ನಾ ಬರದದ್ದಲ್ಲ ತಂಗಿ," ಅಂದೆ. "ಕಾಯ್ದೆ ಹಂಗ ಅದ. ಯಾರು ಬರದ್ರೂ ಇದನ್ನ ಬರೀಬೇಕು."

ಖಾದರಸಾಬ ತಲೆ ತಗ್ಗಿಸಿ ಮಸಿ ಡಬ್ಬಿಯ ಮುಚ್ಚಳ ಹಾಕಿದ. ಅವನಾದರೂ ಒಂದು ಮಾತು ಆಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಿಂಗಮ್ಮ ಮಸಿಯ ಬೆರಳನ್ನು ತನ್ನ ತಲೆಗೂದಲಿಗೆ ಒರೆಸಿಕೊಂಡಳು. ನಮ್ಮ ಹೆಂಗಸರು ಹಾಗೇ ಮಾಡುತ್ತಾರೆ. ಸಾವಿರ ಸಲ ನೋಡಿದ್ದೇನೆ. ಆದರೆ ಅವರೆಲ್ಲ ಒತ್ತಿದ ಮೇಲೆ ಒರೆಸಿಕೊಳ್ಳುತ್ತಿದ್ದರು. ಇವಳು ಒತ್ತುವ ಮೊದಲೇ ಒರೆಸಿಕೊಂಡಳು. ಆಮೇಲೆ ಮಹಾದೇವಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಅಕ್ಕ, ಬಯ್ಯಬ್ಯಾಡ. ನನ್ನ ಕೈಲಿ ಆಗವಲ್ದು," ಅಂದಳು. ಮಹಾದೇವಿ ಬಯ್ಯಲಿಲ್ಲ. ಕೂಸನ್ನು ತಾನೇ ಎತ್ತಿ ಕೊಟ್ಟಳು. ಕೊಡುವಾಗ, "ಈಗ ಬೆಲ್ಲ ಹಾಕಿದ್ರೂ ತಿಂತಾಳ. ಹೊಟ್ಟಿ ಏನೂ ಆಗಂಗಿಲ್ಲ," ಅಂದಳು.

ಸರದಿ ಕೇಳಲು ಹೋಗಿದ್ದ ಹಣಮಂತ ಓಡಿ ಬಂದು, "ಕರಿಯಾಕತ್ತಾರ, ನಡೀರಿ," ಅಂದ. ಯಾರೂ ಏಳಲಿಲ್ಲ.

ಮನೆಗೆ ನಡೆದೇ ಬಂದೆವು. ಮಹಾದೇವಿ ದಾರಿಯಲ್ಲಿ ಒಂದೇ ಸಲ ಮಾತಾಡಿದಳು. "ಕಾಯ್ದೆ ಅಷ್ಟು ಬಿರುಸ ಅದೇನ್ರಿ?" "ಹೌದು," ಅಂದೆ. ಅವಳು ನಂಬಿದಳು. ನಾನು ಓದಿದವನು, ಅವಳು ನಾಲ್ಕನೆಯ ಇಯತ್ತೆ. ಮನೆಯಲ್ಲಿ ನೆಲದ ಮೇಲೆ ನನ್ನ ಪೆನ್ನು ಬಿದ್ದಿತ್ತು, ಮುಚ್ಚಳದ ತುಂಬ ಎಳೆ ಹಲ್ಲಿನ ಗುರುತು. ಅವಳು ಅದನ್ನು ಎತ್ತಿ ಒರೆಸಿ ನನ್ನ ಜೇಬಿಗಿಟ್ಟಳು.

ಆಮೇಲೆ ನಾವು ಮತ್ತೆ ಯಾರನ್ನೂ ಕೂಸು ಕೇಳಲಿಲ್ಲ. ನಾನು ಒಂದೆರಡು ಸಲ ಮಾತು ತೆಗೆದೆ. "ಕಾಯ್ದೆ ಬ್ಯಾಡಂತದ, ಬಿಡ್ರಿ," ಎಂದು ಮಹಾದೇವಿ ಮುಗಿಸಿಬಿಟ್ಟಳು. ವರ್ಷಗಳು ಹೋದವು. ಹೊಲಗಳಿಗೆ ನೀರು ಹರಿಯಿತು, ಭತ್ತ ಬಂತು, ಶಹಾಪುರ ದೊಡ್ಡದಾಯಿತು, ನಾವೊಂದು ಸ್ವಂತ ಮನೆ ಕಟ್ಟಿದೆವು. ನಿಂಗಮ್ಮನ ಆ ಸಣ್ಣ ಮಗಳು ದೇವಕ್ಕ ಎಂಬ ಹೆಸರಿನಲ್ಲಿ ಬೆಳೆದಳು. ಹಬ್ಬಕ್ಕೆ ಬಂದಾಗ ದೊಡ್ಡಪ್ಪ ಎಂದು ನನ್ನ ಕಾಲು ಮುಟ್ಟುತ್ತಿದ್ದಳು. ಅವಳ ಮದುವೆಯಲ್ಲಿ ಅರಿಶಿನ ಹಚ್ಚಲು ನಿಂಗಮ್ಮ ಮೊದಲು ಕರೆದದ್ದು ಮಹಾದೇವಿಯನ್ನು. ಹಚ್ಚುವಾಗ ಮಹಾದೇವಿಯ ಕೈ ಆ ಹುಡುಗಿಯ ಗಲ್ಲದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತದ್ದನ್ನು ನಾನು ನೋಡಿದೆ. ಬೇರೆ ಯಾರೂ ನೋಡಲಿಲ್ಲ.

ನೋಡಿ, ಎಲ್ಲಿಂದ ಎಲ್ಲಿಗೆ ಬಂದೆ. ಬ್ಯಾಂಕಿನ ಮಾತು ಹೇಳುತ್ತಿದ್ದೆ. ನನ್ನ ನೀಲಿ ಹೆಬ್ಬೆರಳು ನೋಡಿ ಮಹಾದೇವಿ ಅಂದು ಬಹಳ ನಕ್ಕಳು. "ಬಿ.ಎ. ಸಾಹೇಬ್ರೂ ಒತ್ತಿ ಬಂದ್ರೇನು!" ತೊಗರಿ ಆರಿಸುತ್ತ ಕುಳಿತಿದ್ದವಳು ಮೊರ ಕೆಳಗಿಟ್ಟು ನಕ್ಕಳು. ನಾನೂ ನಗಬೇಕಿತ್ತು. ನಗು ಬರಲಿಲ್ಲ. ಅವಳ ಎದುರು ಕುಳಿತು, ಆ ಸಾಲು ಕಾಯ್ದೆಯದಲ್ಲ, ನನ್ನದು ಎಂದು ಹೇಳಿಬಿಟ್ಟೆ. ಮುನಶಿಯ ಸಾಲನ್ನೂ ಹೇಳಿದೆ. ನಲವತ್ತು ವರ್ಷದಿಂದ ಬಾಯಲ್ಲಿದ್ದ ಕಲ್ಲು ಅದು. ಉಗುಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ಅವಳು ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡು ತೊಗರಿಯಲ್ಲಿ ಕೈಯಾಡಿಸಿದಳು. "ನನಗ ಯಾಕ ಹೇಳ್ತೀರಿ?" ಅಂದಳು. "ಅಕಿಗೆ ಹೇಳ್ರಿ."

ಮರುದಿನ ಇಬ್ಬರೂ ದೋರನಹಳ್ಳಿಗೆ ಹೋದೆವು. ಹಣಮಂತ ತೀರಿಹೋಗಿ ಆರು ವರ್ಷವಾಗಿದೆ. ನಿಂಗಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾಗಿ, ಯಾರಿಗೇನಾಯಿತು ಎಂದು ಕೇಳಿದಳು. ನಾನು ನಿಂತಲ್ಲೇ ಹೇಳಿದೆ. ಈ ಸಲ ಚಾವಡಿಯ ದನಿ ಬರಲಿಲ್ಲ.

"ಇದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನು ಮಾವ?" ಅಂದಳು. ಸಿಟ್ಟಿರಲಿಲ್ಲ. ಇದ್ದರೂ ಅದಕ್ಕೂ ವಯಸ್ಸಾಗಿತ್ತು.

ಮಹಾದೇವಿ ಅವಳ ಪಕ್ಕದಲ್ಲಿ ಕುಳಿತು ಒಂದು ಮೆಣಸಿನಕಾಯಿಯ ತೊಟ್ಟು ಮುರಿದಳು. "ಖರೇ ಹೇಳು ನಿಂಗಿ. ಆ ಸಾಲು ಇರಲಿಲ್ಲಂದ್ರ ಕೊಡ್ತಿದ್ದೇನು?"

ನಿಂಗಮ್ಮ ಯೋಚಿಸಿದಳು. ಸುಮ್ಮನೆ ಸಮಾಧಾನಕ್ಕೆ ಹೇಳುವವಳಲ್ಲ ಅವಳು, ನಿಜವಾಗಿಯೇ ಯೋಚಿಸಿದಳು.

"ಕೊಡ್ತಿದ್ದೆ ಅಕ್ಕ. ಕೊಟ್ಟು, ಮರುದಿನ ಮುಂಜಾನಿ ಬಸ್ಸಿಗೇ ಬರತಿದ್ದೆ. ದಿನಾ ಬರತಿದ್ದೆ. ಹಿಟ್ಟು ಬೀಸ್ತಿದ್ದೆ, ನೀರು ತುಂಬ್ತಿದ್ದೆ, ಏನರ ನೆಪ ಹೇಳಿ ನಿಮ್ಮ ಬಾಗಲದಾಗ ಕುಂದ್ರತಿದ್ದೆ. ಬ್ಯಾಸತ್ತು ಹೋಗ್ತಿದ್ರಿ ನೀವು."

"ಬ್ಯಾಸರಾಗ್ತಿದ್ದಿಲ್ಲ," ಅಂದಳು ಮಹಾದೇವಿ.

ಇಬ್ಬರೂ ಮತ್ತೆ ತೊಟ್ಟು ಮುರಿಯತೊಡಗಿದರು. ನಾನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಆಗ ನಿಂಗಮ್ಮ ಅತ್ತ ಸರಿದು ಜಾಗ ಮಾಡಿ, "ಕುಂದರ್ರಿ ಮಾವ," ಅಂದಳು. ಕುಳಿತೆ.

ನಾನು ಅಂಜಿದ್ದು ಅದಕ್ಕೇ. ಇವಳು ದಿನಾ ಬರುತ್ತಾಳೆಂದು. ಒಂದು ಕೂಸು, ಇಬ್ಬರು ತಾಯಂದಿರು, ಬಾಗಿಲಲ್ಲಿ ಬೀಸುಕಲ್ಲಿನ ಸದ್ದು, ಮೆಣಸಿನಕಾಯಿ, ಮಾತು, ಜಗಳ, ನನಗೆ ಕಾಲಿಡಲೂ ಜಾಗವಿಲ್ಲದಷ್ಟು ತುಂಬಿದ ಮನೆ. ಅದು ಬರಬಾರದೆಂದು ನಾನು ನನ್ನ ಕೈಯಾರೆ, ಗುಂಡು ಅಕ್ಷರಗಳಲ್ಲಿ ಬರೆದಿದ್ದೆ.

ಈಗ ದೋರನಹಳ್ಳಿಯ ಮುಂಜಾನೆಯ ಬಸ್ಸು ನಮ್ಮ ಓಣಿಯ ತಿರುವಿನಲ್ಲಿ ಹಾರ್ನು ಹಾಕಿದಾಗ ಮಹಾದೇವಿ ರೊಟ್ಟಿ ತಟ್ಟುವ ಕೈ ನಿಲ್ಲಿಸುತ್ತಾಳೆ. ಇಷ್ಟು ವರ್ಷ ಅದೇ ಹೊತ್ತಿಗೆ ಅದೇ ಹಾರ್ನು ಹಾಕುತ್ತಿತ್ತು, ನಾವು ಕೇಳಿಸಿಕೊಂಡಿರಲಿಲ್ಲ. ನಾನು ಎದ್ದು ಹೋಗಿ ಬಾಗಿಲ ಅಗಳಿ ತೆಗೆದು ಬರುತ್ತೇನೆ. ಬಸ್ಸು ಹೋಗುತ್ತದೆ. ಆಮೇಲೆ ಅವಳು ಮತ್ತೆ ತಟ್ಟಲು ಶುರು ಮಾಡುತ್ತಾಳೆ.